ಬೀದಿಯ ಚರಂಡಿ ಪುರಸಭೆ ಸಭೆಯಲ್ಲಿ ಪಾಸಾಗಬೇಕಾದರೆ: ಅರ್ಜಿಯಿಂದ ಕೆಲಸ ಮುಗಿಯುವವರೆಗೆ

"ಮೂರು ವರ್ಷದಿಂದ ಅರ್ಜಿ ಕೊಡ್ತಾನೇ ಇದ್ದೀವಿ, ಏನೂ ಆಗಿಲ್ಲ." ಚರಂಡಿ, ರಸ್ತೆ, ಬೀದಿದೀಪದ ಬಗ್ಗೆ ನನ್ನ ಹತ್ತಿರ ಕೇಳಲು ಬರುವವರಲ್ಲಿ ಹೆಚ್ಚಿನವರು ಮಾತು ಶುರು ಮಾಡುವುದೇ ಹೀಗೆ. ಅವರ ಅರ್ಜಿಯ ಪ್ರತಿ ನೋಡಿದರೆ ತಪ್ಪು ಬಹುಪಾಲು ಒಂದೇ ಇರುತ್ತದೆ. ಅರ್ಜಿ ಕೊಟ್ಟಿರುತ್ತಾರೆ. ಆದರೆ ಅದು ಸಭೆಯ 'ವಿಷಯ' ಆಗಿರುವುದೇ ಇಲ್ಲ.

ಪುರಸಭೆಯ ಭಾಷೆಯಲ್ಲಿ ವಿಷಯ ಅಂದರೆ ಕಾರ್ಯಸೂಚಿಯಲ್ಲಿ ಸಂಖ್ಯೆ ಹಾಕಿ ಅಚ್ಚಾಗುವ ಒಂದು ಸಾಲು. ಅಷ್ಟು ಬರಬೇಕಾದರೆ ಮೂರು ಪ್ರಶ್ನೆಗೆ ಮೊದಲೇ ಉತ್ತರ ಸಿಕ್ಕಿರಬೇಕು. ಜಾಗ ಯಾರದ್ದು? ಎಷ್ಟು ಖರ್ಚಾಗುತ್ತದೆ? ಹಣ ಯಾವ ಲೆಕ್ಕದಿಂದ ಬರುತ್ತದೆ? ಇವಕ್ಕೆ ಉತ್ತರ ಇಲ್ಲದ ಅರ್ಜಿ ಕಡತದಲ್ಲಿ ಮಲಗಿರುತ್ತದೆ. ಸದಸ್ಯರು ಎಷ್ಟೇ ಒಳ್ಳೆಯವರಾಗಿರಲಿ, ಅದನ್ನು ಎಬ್ಬಿಸುವುದು ಕಷ್ಟ.

ಇಲ್ಲಿ ಹೊಸ ಚರಂಡಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ರಸ್ತೆ, ಕಿರುಸೇತುವೆ, ಹೊಸ ದೀಪದ ಕಂಬ ಎಲ್ಲಕ್ಕೂ ದಾರಿ ಹೆಚ್ಚುಕಡಿಮೆ ಇದೇ. ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ ಈ ಮೂರೂ 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಡಿ ಬರುತ್ತವೆ. ಬೆಂಗಳೂರು ಬಿಟ್ಟು ಉಳಿದ ಮಹಾನಗರ ಪಾಲಿಕೆಗಳಿಗೆ 1976ರ ಬೇರೆ ಕಾಯ್ದೆ ಇದೆ, ಅಲ್ಲಿನ ಕ್ರಮ ಸ್ವಲ್ಪ ಬೇರೆ. ನಗರಸಭೆಯಲ್ಲಿ ಆಡಳಿತದ ಮುಖ್ಯಸ್ಥರು ಪೌರಾಯುಕ್ತರು, ಉಳಿದೆರಡರಲ್ಲಿ ಮುಖ್ಯಾಧಿಕಾರಿ. ಮುಂದೆ ಎಲ್ಲ ಕಡೆ 'ಮುಖ್ಯಾಧಿಕಾರಿ' ಎಂದೇ ಬರೆದಿದ್ದೇನೆ.

ಮೊದಲೇ ಹೊಂದಿಸಿಕೊಳ್ಳಬೇಕಾದದ್ದು

ದಾರ ಕಟ್ಟುವ ಒಂದು ರಟ್ಟಿನ ಫೈಲು. ಉದ್ದದ ಅಳತೆ ಟೇಪು. ಈ ವರ್ಷದ ಆಸ್ತಿ ತೆರಿಗೆ ರಸೀದಿಯ ನಕಲು, ಸಾಧ್ಯವಾದರೆ ಬೀದಿಯ ನಾಲ್ಕೈದು ಮನೆಯವರದ್ದು. ಒಂದು ನೋಟ್‌ಬುಕ್: ಯಾವತ್ತು ಹೋದಿರಿ, ಯಾರನ್ನು ಕಂಡಿರಿ, ಏನು ಹೇಳಿದರು ಅಂತ ಅದರಲ್ಲಿ ಬರೆಯುತ್ತಾ ಹೋಗಿ. ಮಳೆ ಬಂದ ದಿನ ನೀರು ನಿಂತಿರುವ ಫೋಟೊ ತೆಗೆದಿಡಿ. ಬೇಸಿಗೆಯಲ್ಲಿ ತೆಗೆದ ಒಣ ಬೀದಿಯ ಫೋಟೊ ನೋಡಿ ಯಾರಿಗೂ ಏನೂ ಅನ್ನಿಸುವುದಿಲ್ಲ.

ಹಂತ 1: ಇದು ಸಭೆಗೆ ಹೋಗಬೇಕಾದ ಕೆಲಸವೇ?

ಚರಂಡಿಯಲ್ಲಿ ಹೂಳು ತುಂಬಿದೆ, ದೀಪ ಉರಿಯುತ್ತಿಲ್ಲ, ಕಸದ ಗಾಡಿ ಬರುತ್ತಿಲ್ಲ. ಇವು ಯಾವುದಕ್ಕೂ ಸಭೆಯ ಒಪ್ಪಿಗೆ ಬೇಕಿಲ್ಲ. ದಿನನಿತ್ಯದ ಕೆಲಸ ಇದು. ಹೂಳು, ಕಸಕ್ಕೆ ಆರೋಗ್ಯ ನಿರೀಕ್ಷಕರು, ದೀಪಕ್ಕೆ ಎಂಜಿನಿಯರಿಂಗ್ ವಿಭಾಗ. ಪುರಸಭೆ ದೂರುಗಳಿಗಾಗಿ ಇರುವ ಜನಹಿತ ಆಪ್‌ನಲ್ಲೋ ಕಚೇರಿಯಲ್ಲೋ ದೂರು ಕೊಟ್ಟು ಸಂಖ್ಯೆ ಪಡೆಯಿರಿ, ಸಾಕು. ಇಂಥದ್ದನ್ನು "ಸಭೆಯಲ್ಲಿ ಇಡಿ" ಅಂತ ಕೇಳಿದರೆ ಮೂರು ದಿನದ ಕೆಲಸವನ್ನು ನೀವೇ ಮೂರು ತಿಂಗಳಿಗೆ ತಳ್ಳಿದ ಹಾಗೆ.

ಹೊಸದಾಗಿ ಕಟ್ಟಬೇಕು, ಅಗಲ ಮಾಡಬೇಕು, ಇರುವುದನ್ನು ಒಡೆದು ಮತ್ತೆ ಕಟ್ಟಬೇಕು ಅಂದಾಗ ಮಾತ್ರ ಮುಂದಿನ ಹಂತಗಳು ಬೇಕಾಗುತ್ತವೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕೆಲಸ ತಡವಾಯಿತು ಅಂತ ದಯವಿಟ್ಟು ಯಾರಿಗೋ ಐನೂರು ರೂಪಾಯಿ ಕೊಟ್ಟು ಒಳಚರಂಡಿ ಗುಂಡಿಗೆ ಇಳಿಸಬೇಡಿ. ಒಳಗಿನ ವಿಷಗಾಳಿಗೆ ಎಷ್ಟೋ ಜೀವ ಹೋಗಿದೆ. ರಕ್ಷಣೆ ಇಲ್ಲದೆ ಮನುಷ್ಯರನ್ನು ಹಾಗೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಪ್ರಕಾರ ಅಪರಾಧ, ಇಳಿಸಿದವರ ಮೇಲೇ ಕೇಸು ಬೀಳುತ್ತದೆ. ಒಳಚರಂಡಿ ಕಟ್ಟಿಕೊಂಡರೆ ಕಚೇರಿಗೆ ಫೋನ್ ಮಾಡಿ, ಹೀರುವ ಯಂತ್ರದ ಗಾಡಿ ಕಳಿಸಿ ಅಂತ ಕೇಳಿ.

ಹಂತ 2: ಜಾಗ ಯಾರದ್ದು ಎಂದು ಖಚಿತ ಮಾಡಿಕೊಳ್ಳಿ

ಅತಿ ಹೆಚ್ಚು ಅರ್ಜಿಗಳು ಬೀಳುವುದು ಇಲ್ಲೇ. ಊರೊಳಗಿನ ರಸ್ತೆಗಳೆಲ್ಲ ಪುರಸಭೆಯದ್ದಲ್ಲ. ಊರಿನ ಮಧ್ಯೆ ಹಾದುಹೋಗುವ ದೊಡ್ಡ ರಸ್ತೆ ಲೋಕೋಪಯೋಗಿ ಇಲಾಖೆಯದ್ದೋ ರಾಷ್ಟ್ರೀಯ ಹೆದ್ದಾರಿಯದ್ದೋ ಆಗಿರಬಹುದು. ಹಾಗಿದ್ದರೆ ಅದರ ಪಕ್ಕದ ಚರಂಡಿಯೂ ಸಾಮಾನ್ಯವಾಗಿ ಅವರದ್ದೇ. ಪುರಸಭೆ ಅಲ್ಲಿ ತನ್ನ ಹಣ ಹಾಕಲು ಹೋದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪ ಬರುತ್ತದೆ.

ಅದಕ್ಕಿಂತ ದೊಡ್ಡ ತೊಡಕು ಹೊಸ ಬಡಾವಣೆಗಳದ್ದು. ನಿವೇಶನ ಮಾರಿದವರು ರಸ್ತೆ, ಚರಂಡಿ, ಉದ್ಯಾನದ ಜಾಗವನ್ನು ಪುರಸಭೆಗೆ ಬರೆದುಕೊಟ್ಟು ಹಸ್ತಾಂತರ ಮಾಡಬೇಕು. ಎಷ್ಟೋ ಕಡೆ ಅದು ಆಗಿರುವುದೇ ಇಲ್ಲ. ಮನೆ ಕಟ್ಟಿ ಹತ್ತು ವರ್ಷ ಆಗಿರುತ್ತದೆ, ತೆರಿಗೆ ಕಟ್ಟುತ್ತಿರುತ್ತಾರೆ. ಆದರೆ ದಾಖಲೆಯಲ್ಲಿ ಆ ರಸ್ತೆ ಇನ್ನೂ ಖಾಸಗಿ. "ತೆರಿಗೆ ತಗೊಳ್ತೀರಿ, ಚರಂಡಿ ಮಾಡಲ್ವಾ?" ಎಂಬ ಸಿಟ್ಟು ನ್ಯಾಯವಾದದ್ದೇ. ಆದರೂ ಆ ಸಿಟ್ಟನ್ನೇ ಅರ್ಜಿಯಲ್ಲಿ ಬರೆದರೆ ಕೆಲಸ ಮುಂದಕ್ಕೆ ಹೋಗುವುದಿಲ್ಲ.

ಮಾಡಬೇಕಾದದ್ದು ಇಷ್ಟು. ಎಂಜಿನಿಯರಿಂಗ್ ವಿಭಾಗದಲ್ಲಿ ನಿಮ್ಮ ಬೀದಿಯ ಹೆಸರು, ವಾರ್ಡ್ ಸಂಖ್ಯೆ ಹೇಳಿ, "ಈ ರಸ್ತೆ ಪುರಸಭೆಯ ರಸ್ತೆಗಳ ವಹಿಯಲ್ಲಿ ಇದೆಯಾ, ಬಡಾವಣೆ ಹಸ್ತಾಂತರ ಆಗಿದೆಯಾ?" ಎಂದು ಕೇಳಿ. ಆಗಿಲ್ಲ ಎಂದರೆ ನಿಮ್ಮ ಮೊದಲ ಅರ್ಜಿ ಚರಂಡಿಗಾಗಿ ಅಲ್ಲ, ಹಸ್ತಾಂತರಕ್ಕಾಗಿ ಇರಬೇಕು. ಈ ಕ್ರಮ ತಪ್ಪಿದರೆ ಆಮೇಲಿನ ಓಡಾಟವೆಲ್ಲ ಸುಮ್ನೆ ವ್ಯರ್ಥ.

ಹಂತ 3: ಅರ್ಜಿ ಬರೆಯುವುದು

ಒಂದು ಅರ್ಜಿ, ಒಂದು ಕೆಲಸ. ಚರಂಡಿ, ಬೀದಿನಾಯಿ, ನೀರಿನ ಸಮಸ್ಯೆ ಮೂರನ್ನೂ ಒಂದೇ ಹಾಳೆಯಲ್ಲಿ ಬರೆದರೆ ಅದು ಮೂರು ವಿಭಾಗಗಳ ಮೇಜು ಸುತ್ತಿ ಕೊನೆಗೆ ಎಲ್ಲೂ ನಿಲ್ಲುವುದಿಲ್ಲ. ಹೀಗೆ ಬರೆಯಿರಿ:

"ಮುಖ್ಯಾಧಿಕಾರಿಗಳಿಗೆ,
ವಿಷಯ: ವಾರ್ಡ್ ಸಂಖ್ಯೆ __, __ ನೇ ಅಡ್ಡರಸ್ತೆಯಲ್ಲಿ __ ಅವರ ಮನೆಯಿಂದ __ ವೃತ್ತದವರೆಗೆ ಕಾಂಕ್ರೀಟ್ ಚರಂಡಿ ನಿರ್ಮಿಸುವ ಕುರಿತು.
ಸದರಿ ರಸ್ತೆಯ ಎಡಬದಿಯಲ್ಲಿ ಸುಮಾರು __ ಮೀಟರ್ ಉದ್ದಕ್ಕೆ ಚರಂಡಿ ಇಲ್ಲ. ಮಳೆ ನೀರು __ ಮನೆಗಳ ಮುಂದೆ ನಿಲ್ಲುತ್ತಿದೆ. ನೀರು ಹರಿದುಹೋಗಲು __ ಬಳಿಯ ದೊಡ್ಡ ಚರಂಡಿಗೆ ಸೇರಿಸಬಹುದು. ಸ್ಥಳ ಪರಿಶೀಲಿಸಿ, ಅಂದಾಜು ಪಟ್ಟಿ ತಯಾರಿಸಿ, ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಬೇಕೆಂದು ಕೋರುತ್ತೇವೆ."

ಕೊನೆಯ ವಾಕ್ಯ ಇರಲೇಬೇಕು. "ಸೂಕ್ತ ಕ್ರಮ ಕೈಗೊಳ್ಳಿ" ಎಂದು ಬರೆದರೆ ಯಾವ ಕ್ರಮ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಪರಿಶೀಲನೆ, ಅಂದಾಜು, ಕಾರ್ಯಸೂಚಿ ಈ ಮೂರನ್ನೂ ಹೆಸರಿಟ್ಟು ಕೇಳಿ.

ಸಹಿ ಎಷ್ಟು ಬೇಕು ಅಂತ ತುಂಬ ಜನ ಕೇಳುತ್ತಾರೆ. ಇಂತಿಷ್ಟೇ ಅಂತ ಏನಿಲ್ಲ. ಆ ಬೀದಿಯಲ್ಲೇ ಇರುವ ಹತ್ತು ಮನೆಯವರ ಸಹಿ, ಹೆಸರು, ಆಸ್ತಿ ಸಂಖ್ಯೆ ಇದ್ದರೆ ಊರೆಲ್ಲ ಸುತ್ತಿ ತಂದ ಇನ್ನೂರು ಸಹಿಗಿಂತ ತೂಕ ಜಾಸ್ತಿ. ತೆರಿಗೆ ಬಾಕಿ ಇದ್ದರೆ ಮೊದಲು ಅದನ್ನು ಕಟ್ಟಿ. ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿಯೂ ಸಿಗುತ್ತದೆ. ಬಾಕಿ ಇರುವ ಬೀದಿಯ ಅರ್ಜಿಗೆ "ಮೊದಲು ತೆರಿಗೆ ಕಟ್ಟಲಿ" ಎಂಬ ಉತ್ತರ ಸುಲಭವಾಗಿ ಸಿದ್ಧವಾಗಿರುತ್ತದೆ.

ಹಂತ 4: ಆವಕ ಸಂಖ್ಯೆ ಇಲ್ಲದೆ ಹೊರಗೆ ಬರಬೇಡಿ

ಎರಡು ಪ್ರತಿ ಒಯ್ಯಿರಿ. ಒಂದನ್ನು ಟಪಾಲು ವಿಭಾಗಕ್ಕೆ ಕೊಡಿ. ಇನ್ನೊಂದರ ಮೇಲೆ ಮೊಹರು, ದಿನಾಂಕ, ಆವಕ ಸಂಖ್ಯೆ (ಬಂದ ಕಾಗದಕ್ಕೆ ಕಚೇರಿ ಹಾಕುವ ನಂಬರ್) ಬರೆಸಿಕೊಳ್ಳಿ. ಸದಸ್ಯರ ಕೈಗೆ ನೇರವಾಗಿ ಕೊಟ್ಟ ಅರ್ಜಿ ಅವರ ಕಾರಿನಲ್ಲೇ ಉಳಿದುಬಿಡಬಹುದು. ಅವರಿಗೂ ಕೊಡಿ, ಆದರೆ ಮೊಹರು ಬಿದ್ದ ಪ್ರತಿಯ ನಕಲು ಕೊಡಿ.

"ಇಟ್ಟು ಹೋಗಿ, ಆಮೇಲೆ ನಂಬರ್ ಹಾಕ್ತೀವಿ" ಅಂದರೆ ಅದೇ ಮೊದಲ ಅಪಾಯದ ಸೂಚನೆ. ಕೂತು ಕಾಯಿರಿ. ಆಗಲೇ ಇಲ್ಲವೆಂದರೆ ಸ್ವೀಕೃತಿ ಸಹಿತ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ.

ಹಂತ 5: ಸ್ಥಳ ಪರಿಶೀಲನೆ ಮತ್ತು ಅಂದಾಜು ಪಟ್ಟಿ

ಇನ್ನು ಎಲ್ಲವೂ ನಿಂತಿರುವುದು ಕಿರಿಯ ಎಂಜಿನಿಯರ್ ಮೇಲೆ. ಸಣ್ಣ ಊರುಗಳಲ್ಲಿ ಒಬ್ಬರೇ ಎಂಜಿನಿಯರ್ ಹಲವಾರು ವಾರ್ಡ್ ನೋಡಬೇಕಾಗಿರುತ್ತದೆ. ಅವರು ಬಾರದೆ ಇರುವುದಕ್ಕೆ ಯಾವಾಗಲೂ ಸೋಮಾರಿತನವೇ ಕಾರಣ ಅಂದುಕೊಳ್ಳಬೇಡಿ. ಒಂದು ವಾರ ಬಿಟ್ಟು ಹೋಗಿ, ಆವಕ ಸಂಖ್ಯೆ ಹೇಳಿ, "ಸರ್, ಯಾವತ್ತು ಬರ್ತೀರಿ? ನಾವು ಇಬ್ಬರು ಅಲ್ಲೇ ಇರ್ತೀವಿ" ಎಂದು ದಿನ ಗೊತ್ತುಮಾಡಿಕೊಳ್ಳಿ.

ಅವರು ಬಂದ ದಿನ ಮೂರು ಸಂಗತಿ ತೋರಿಸಿ. ಚರಂಡಿ ಎಲ್ಲಿಂದ ಶುರುವಾಗಬೇಕು, ಇಳಿಜಾರು ಯಾವ ಕಡೆಗಿದೆ, ನೀರು ಕೊನೆಗೆ ಎಲ್ಲಿ ಸೇರಬೇಕು. ಮೂರನೆಯದ್ದನ್ನೇ ಜನ ಮರೆಯುವುದು. ನಮ್ಮ ಬೀದಿಯಲ್ಲೂ ಹಾಗೇ ಆಯಿತು. ನಾವು ಅಳೆದು ತೋರಿಸಿದ್ದು ನಮ್ಮ ಮನೆಗಳ ಮುಂದಿನ ಎಂಬತ್ತು ಮೀಟರ್ ಮಾತ್ರ. ಅಷ್ಟಕ್ಕೇ ಅಂದಾಜು ಆಯಿತು. ಕೊನೆಯಲ್ಲಿ ನೀರು ಹೋಗುವ ದಾರಿಯೇ ಇರಲಿಲ್ಲ. ಕೆಳಗಿನ ಮನೆಯವರು, ನಮ್ಮ ಅಂಗಳಕ್ಕೆ ನೀರು ಬಿಡುತ್ತೀರಾ ಎಂದು ತಕರಾರು ಕೊಟ್ಟರು. ಕಡತ ವಾಪಸ್ ಬಂತು. ಮತ್ತೆ ಅಳೆದು, ಮತ್ತೆ ಅಂದಾಜು ಮಾಡಿಸುವ ಹೊತ್ತಿಗೆ ಇನ್ನೊಂದು ಮಳೆಗಾಲ ಕಳೆದಿತ್ತು. ನೀವು ಆ ತಪ್ಪು ಮಾಡಬೇಡಿ. ಕೆಳಗಿನ ಮನೆಯವರನ್ನು ಮೊದಲೇ ಕಂಡು ಮಾತಾಡಿ, ಅವರ ಸಹಿಯನ್ನೂ ಅರ್ಜಿಯಲ್ಲಿ ಸೇರಿಸಿ.

ಇನ್ನೊಂದು ಅಡ್ಡಿ ಚರಂಡಿ ಜಾಗದ ಮೇಲೆ ಬಂದಿರುವ ಮೆಟ್ಟಿಲು, ಕಾಂಪೌಂಡು, ಅಂಗಡಿಯ ಕಲ್ಲು ಚಪ್ಪಡಿ. ಅದರಲ್ಲಿ ನಿಮ್ಮ ಮನೆಯದ್ದೂ ಇರಬಹುದು. ತೆಗೆಯಲು ಒಪ್ಪಿಗೆ ಇದೆ ಎಂದು ಬೀದಿಯವರೆಲ್ಲ ಬರೆದುಕೊಟ್ಟರೆ ಅಂದಾಜು ಬೇಗ ಆಗುತ್ತದೆ.

ಅಂದಾಜು ಪಟ್ಟಿ ಸಿದ್ಧವಾದ ಮೇಲೆ ಮೊತ್ತವನ್ನು ಕೇಳಿ ಬರೆದಿಟ್ಟುಕೊಳ್ಳಿ. ಮುಂದಿನ ಪ್ರತಿ ಹಂತದಲ್ಲೂ ಅದು ಬೇಕು.

ಹಂತ 6: ಹಣ ಎಲ್ಲಿಂದ?

"ಅನುದಾನ ಇಲ್ಲ" ಎಂಬ ಒಂದೇ ಮಾತಿಗೆ ಜನ ಸುಮ್ಮನಾಗಿಬಿಡುತ್ತಾರೆ. ಯಾವ ಅನುದಾನ ಇಲ್ಲ ಎಂದು ಕೇಳಬೇಕು. ಪುರಸಭೆಯ ಹಣ ಒಂದೇ ಗಂಟಿನಲ್ಲಿ ಇರುವುದಿಲ್ಲ. ತೆರಿಗೆ, ಮಳಿಗೆ ಬಾಡಿಗೆ, ಪರವಾನಗಿ ಶುಲ್ಕದಿಂದ ಬರುವ ಸ್ವಂತ ನಿಧಿ ಒಂದು. ರಾಜ್ಯ ಹಣಕಾಸು ಆಯೋಗದ ಎಸ್‌ಎಫ್‌ಸಿ ಅನುದಾನ ಇನ್ನೊಂದು. ಕೇಂದ್ರ ಹಣಕಾಸು ಆಯೋಗದ್ದು ಮತ್ತೊಂದು. ನಗರೋತ್ಥಾನದಂಥ ಯೋಜನೆಗಳ ಹಣ ಬೇರೆ. ಇದರ ಜೊತೆಗೆ ಶೇ 24.10 ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಎಂದು ಮೀಸಲಿಟ್ಟ ಹಣ ಇರುತ್ತದೆ. ನಿಮ್ಮದು ಪರಿಶಿಷ್ಟರ ಕಾಲೊನಿಯಾದರೆ ಶೇ 24.10ರ ಲೆಕ್ಕವನ್ನು ಹೆಸರು ಹಿಡಿದೇ ಕೇಳಿ. ಅದು ನಿಮ್ಮ ಹಕ್ಕಿನ ಹಣ, ಬೇರೆ ಕಡೆಗೆ ತಿರುಗಿಸುವಂತಿಲ್ಲ.

ಕಾಲವೂ ಮುಖ್ಯ. ಹಣಕಾಸು ವರ್ಷ ಶುರುವಾಗುವುದು ಏಪ್ರಿಲ್ 1ಕ್ಕೆ. ಅದಕ್ಕೂ ಮೊದಲು, ಚಳಿಗಾಲದ ತಿಂಗಳುಗಳಲ್ಲಿ, ಆಯವ್ಯಯ ಪೂರ್ವಭಾವಿ ಸಭೆ ಕರೆದು ಸಾರ್ವಜನಿಕರ ಸಲಹೆ ಕೇಳುತ್ತಾರೆ. ಬಾಗಿಲು ತೆರೆದಿರುವ ಸಭೆ ಅದು. ಆದರೂ ಬರುವವರು ಬೆರಳೆಣಿಕೆಯಷ್ಟು. ಆವಕ ಸಂಖ್ಯೆ ಇರುವ ಅರ್ಜಿ ಮತ್ತು ಅಂದಾಜು ಮೊತ್ತ ಹಿಡಿದು ಅಲ್ಲಿ ಎದ್ದು ಮಾತಾಡಿ. ನನ್ನ ಕೇಳಿದರೆ ಅರ್ಜಿ ಕೊಡಲು ಸರಿಯಾದ ಕಾಲ ಅಕ್ಟೋಬರ್, ನವೆಂಬರ್. ಮಳೆಯ ಫೋಟೊ ಕೈಯಲ್ಲಿರುತ್ತದೆ, ಮುಂದಿನ ವರ್ಷದ ಲೆಕ್ಕ ಇನ್ನೂ ಮುಗಿದಿರುವುದಿಲ್ಲ.

ಹಂತ 7: ಕಾರ್ಯಸೂಚಿಯಲ್ಲಿ ಸಂಖ್ಯೆ ಬೀಳುವಂತೆ ನೋಡಿಕೊಳ್ಳಿ

ಸಾಮಾನ್ಯ ಸಭೆಯ ನೋಟಿಸ್ ಸಭೆಗೆ ಸುಮಾರು ಒಂದು ವಾರ ಮುಂಚೆ ಸದಸ್ಯರಿಗೆ ಹೋಗುತ್ತದೆ. ಕಾರ್ಯಸೂಚಿ ಅದರ ಜೊತೆಗೇ ಇರುತ್ತದೆ. ನೋಟಿಸ್ ಹೊರಟ ಮೇಲೆ ಓಡಾಡಿದರೆ ತಡವಾಯಿತು. ಅದಕ್ಕೂ ಹತ್ತು ಹದಿನೈದು ದಿನ ಮುಂಚೆ ನಿಮ್ಮ ವಾರ್ಡ್ ಸದಸ್ಯರನ್ನು ಕಾಣಿ. ಆವಕ ಸಂಖ್ಯೆ, ಅಂದಾಜು ಮೊತ್ತ, ಯಾವ ಲೆಕ್ಕದ ಹಣ ಈ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಕೊಡಿ. ವಿಷಯ ಸೇರಿಸಿ ಎಂದು ಅವರೇ ಅಧ್ಯಕ್ಷರಿಗೆ ಲಿಖಿತವಾಗಿ ಕೊಟ್ಟರೆ ಒಳ್ಳೆಯದು.

ಕಾರ್ಯಸೂಚಿ ಕೈಗೆ ಸಿಕ್ಕರೆ ಹೀಗೆ ಓದಿ. ಮೊದಲಲ್ಲಿ ಹಿಂದಿನ ಸಭೆಯ ನಡಾವಳಿ (ಸಭೆಯ ತೀರ್ಮಾನಗಳನ್ನು ಬರೆದಿಟ್ಟದ್ದು) ದೃಢೀಕರಣ, ಆಮೇಲೆ ಜಮಾ-ಖರ್ಚು, ನಂತರ ವಿಷಯಗಳು. ಕೊನೆಯಲ್ಲಿ "ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು" ಎಂದು ಒಂದು ಸಾಲು ಇರುತ್ತದೆ. "ಬಿಡಿ, ಇತರೆ ವಿಷಯದಲ್ಲಿ ತರ್ತೀವಿ" ಎಂಬ ಭರವಸೆಗೆ ಒಪ್ಪಬೇಡಿ. ಅಷ್ಟು ಹೊತ್ತಿಗೆ ಸದಸ್ಯರು ಎದ್ದು ಹೊರಟಿರುತ್ತಾರೆ. ಹಣದ ವಿಷಯ ಹಾಗೆ ಪಾಸಾದರೂ ಮುಂದೆ ತಕರಾರು ಬರುತ್ತದೆ.

ಚುನಾಯಿತ ಮಂಡಳಿ ಇಲ್ಲದ ಕಾಲವೂ ಬರುತ್ತದೆ. ಮೀಸಲಾತಿ ವ್ಯಾಜ್ಯದಿಂದ ಅಧ್ಯಕ್ಷರ ಆಯ್ಕೆ ತಡವಾಗಿ ಕರ್ನಾಟಕದ ಎಷ್ಟೋ ಊರುಗಳು ತಿಂಗಳುಗಟ್ಟಲೆ ಆಡಳಿತಾಧಿಕಾರಿಯ ಕೈಯಲ್ಲಿದ್ದವು. ಆಗ ಸಭೆಯ ಅಧಿಕಾರ ಅವರದ್ದೇ. ಊರನ್ನು ನೋಡಿಕೊಂಡು ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರ್ ಆ ಜಾಗದಲ್ಲಿರುತ್ತಾರೆ. ಅರ್ಜಿಯ ಒಂದು ಪ್ರತಿ ಅವರ ಕಚೇರಿಗೂ ಕೊಡಿ.

ಹಂತ 8: ಸಭೆಯ ದಿನ

ಸಭೆ ನೋಡಲು ಕೂರಬೇಕೆಂದರೆ ಮುಖ್ಯಾಧಿಕಾರಿಗಳಿಗೆ ಎರಡು ದಿನ ಮುಂಚೆ ಒಂದು ಚೀಟಿ ಕೊಡಿ. ಕೂತವರು ಮಾತಾಡುವಂತಿಲ್ಲ, ಮಾತು ಸದಸ್ಯರಿಗೆ ಮಾತ್ರ. ನಾಮನಿರ್ದೇಶಿತ ಸದಸ್ಯರು ಮಾತಾಡಬಹುದು, ಮತ ಹಾಕುವಂತಿಲ್ಲ. ಶಾಸಕರು, ಸಂಸದರಿಗೂ ಸಭೆಯಲ್ಲಿ ಸ್ಥಾನ ಇದೆ. ಕೋರಂ ಇಲ್ಲದೆ, ಅಂದರೆ ಬೇಕಾದಷ್ಟು ಸದಸ್ಯರು ಬಾರದೆ, ಸಭೆ ಮುಂದೂಡಿದರೆ ಹೊಸ ದಿನಾಂಕ ಬರೆದುಕೊಂಡು ಬನ್ನಿ. ಗುಂಪು ಕಟ್ಟಿಕೊಂಡು ಹೋಗಿ ಬಾಗಿಲಲ್ಲಿ ಕೂಗಾಡಿದರೆ ಸಭೆ ಅರ್ಧಕ್ಕೇ ನಿಲ್ಲುತ್ತದೆ, ನಿಮ್ಮ ವಿಷಯವೂ ಅದರ ಜೊತೆಗೇ ನಿಲ್ಲುತ್ತದೆ.

ಹಂತ 9: ನಡಾವಳಿಯ ಪದಗಳನ್ನು ಓದಿ

ನನ್ನ ಪ್ರಕಾರ ಇಡೀ ದಾರಿಯಲ್ಲಿ ಅತಿ ಎಚ್ಚರ ಬೇಕಾದ ಜಾಗ ಇದು. ಸಭೆಯಲ್ಲಿ ಎಲ್ಲರೂ "ಆಯ್ತು, ಮಾಡೋಣ" ಅಂದಿರುತ್ತಾರೆ. ನೀವು ಖುಷಿಯಿಂದ ಮನೆಗೆ ಬರುತ್ತೀರಿ. ಆದರೆ ಲೆಕ್ಕಕ್ಕೆ ಬರುವುದು ನಡಾವಳಿ ಪುಸ್ತಕದಲ್ಲಿ ಬರೆದದ್ದು ಮಾತ್ರ.

"ವಿಷಯವನ್ನು ಚರ್ಚಿಸಿ, ಪರಿಶೀಲಿಸಿ ಕ್ರಮ ವಹಿಸಲು ತೀರ್ಮಾನಿಸಲಾಯಿತು" ಎಂದಿದ್ದರೆ ಏನೂ ಆಗಿಲ್ಲ ಎಂದೇ ಅರ್ಥ. "ಅನುದಾನ ಲಭ್ಯತೆ ಆಧರಿಸಿ" ಎಂದಿದ್ದರೆ ಅರ್ಧ ಆಗಿದೆ. "ಮುಂದಿನ ಸಭೆಗೆ ಮುಂದೂಡಲಾಯಿತು" ಎಂದಿದ್ದರೆ ಮುಂದಿನ ಕಾರ್ಯಸೂಚಿಯಲ್ಲಿ ಅದು ಮತ್ತೆ ಬರುವಂತೆ ನೀವೇ ನೆನಪಿಸಬೇಕು, ತಾನಾಗಿ ಬರುವುದಿಲ್ಲ. ನಿಮಗೆ ಬೇಕಾದ ವಾಕ್ಯ ಹೀಗಿರುತ್ತದೆ: "ಅಂದಾಜು ಮೊತ್ತ ರೂ. __ ಗಳ ಕಾಮಗಾರಿಯನ್ನು __ ಅನುದಾನದಡಿ ಕೈಗೊಳ್ಳಲು ಸರ್ವಾನುಮತದಿಂದ ಅನುಮೋದಿಸಲಾಯಿತು." ಮೊತ್ತ, ಅನುದಾನದ ಹೆಸರು, 'ಅನುಮೋದಿಸಲಾಯಿತು' ಎಂಬ ಪದ ಮೂರೂ ಇರಬೇಕು.

ಪದಗಳು ಸರಿ ಇಲ್ಲದಿದ್ದರೆ ತಿದ್ದಿಸಲು ಒಂದೇ ಅವಕಾಶ ಇದೆ. ಮುಂದಿನ ಸಭೆಯಲ್ಲಿ ಹಿಂದಿನ ನಡಾವಳಿ ದೃಢೀಕರಣ ಆಗುವಾಗ ನಿಮ್ಮ ಸದಸ್ಯರು ಎದ್ದು ಹೇಳಬೇಕು. ಅದಕ್ಕಾಗಿ ಪ್ರತಿ ಅದಕ್ಕೂ ಮೊದಲೇ ಕೈಗೆ ಬರಬೇಕು. ಮೊದಲು ಬಾಯಿಮಾತಿನಲ್ಲಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಅನೇಕರ ಅರ್ಜಿ ತಿರಸ್ಕಾರವಾಗುವುದು ಉದ್ದುದ್ದ ಬರೆದು. "ದಿನಾಂಕ __ ರಂದು ನಡೆದ ಸಾಮಾನ್ಯ ಸಭೆಯ ವಿಷಯ ಸಂಖ್ಯೆ __ ರ ನಡಾವಳಿಯ ದೃಢೀಕೃತ ನಕಲು ನೀಡಿ" ಎಂದರೆ ಸಾಕು. "ಯಾಕೆ ಮಾಡಿಲ್ಲ?" ಎಂದು ಕೇಳಬೇಡಿ. ಆ ಕಾಯ್ದೆಯಡಿ ದಾಖಲೆ ಸಿಗುತ್ತದೆ, ಸಮಜಾಯಿಷಿ ಸಿಗುವುದಿಲ್ಲ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ.

ಹಂತ 10: ಪಾಸಾದ ಮೇಲೆ

ಠರಾವು ಆಯಿತು ಅಂತ ಸುಮ್ಮನಾಗಬೇಡಿ. ಕ್ರಿಯಾ ಯೋಜನೆಗೆ ಮೇಲಿನವರ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ (ಕೆಲಸ ಶುರು ಮಾಡಿ ಎಂದು ಗುತ್ತಿಗೆದಾರರಿಗೆ ಕೊಡುವ ಆದೇಶ) ಇವೆಲ್ಲ ಇನ್ನೂ ಬಾಕಿ ಇರುತ್ತವೆ. ತಿಂಗಳಿಗೆ ಒಂದು ಸಲ ಹೋಗಿ "ಕಡತ ಈಗ ಯಾರ ಮೇಜಿನಲ್ಲಿದೆ?" ಎಂದು ಕೇಳಿ, ಆ ಉತ್ತರವನ್ನು ದಿನಾಂಕ ಹಾಕಿ ಬರೆದುಕೊಳ್ಳಿ. ಎರಡು ಭೇಟಿಯಲ್ಲೂ ಅದೇ ಮೇಜಿನ ಹೆಸರು ಬಂದರೆ ಮುಖ್ಯಾಧಿಕಾರಿಗೆ ಲಿಖಿತ ನೆನಪೋಲೆ ಕೊಡಿ. ಅಲ್ಲಿಗೂ ಆಗದಿದ್ದರೆ ಜಿಲ್ಲಾಧಿಕಾರಿ ಕಚೇರಿಯಲ್ಲಿರುವ ಜಿಲ್ಲಾ ನಗರಾಭಿವೃದ್ಧಿ ಕೋಶದ ಯೋಜನಾ ನಿರ್ದೇಶಕರಿಗೆ. ಚುನಾವಣೆ ನೀತಿ ಸಂಹಿತೆ ಜಾರಿಯಾದರೆ ಹೊಸ ಕಾಮಗಾರಿ ಶುರುವಾಗುವುದಿಲ್ಲ. ಆದ್ದರಿಂದ ಚುನಾವಣೆ ಹತ್ತಿರವಿದ್ದರೆ ಕಾರ್ಯಾದೇಶ ಆಗಿ ಸ್ಥಳದಲ್ಲಿ ಕೆಲಸವೂ ಅದಕ್ಕೂ ಮೊದಲೇ ಶುರುವಾಗುವಂತೆ ಒತ್ತಾಯಿಸಿ.

ಕೆಲಸ ಶುರುವಾದ ದಿನ ಅಂದಾಜು ಪಟ್ಟಿಯ ನಕಲು ಮತ್ತು ಟೇಪು ಹಿಡಿದು ಹೋಗಿ. ಅಗಲ, ಆಳ, ಕಾಂಕ್ರೀಟಿನ ದಪ್ಪ ನೋಡಿ. ಕಾಂಕ್ರೀಟ್ ಹಾಕುವ ಮೊದಲೇ ಒಂದು ಬಕೆಟ್ ನೀರು ಸುರಿದು ಇಳಿಜಾರು ಪರೀಕ್ಷಿಸಿ. ತಪ್ಪಿದ್ದರೆ ತಿದ್ದಲು ಆಗಲೇ ಸಾಧ್ಯ. ಕಾಂಕ್ರೀಟ್ ಹಾಕಿದ ಮೇಲೆ ದಿನವೂ ನೀರು ಹಾಕಿ ಕ್ಯೂರಿಂಗ್ ಮಾಡುತ್ತಿದ್ದಾರಾ ಗಮನಿಸಿ. ತಪ್ಪು ಕಂಡರೆ ಕೂಲಿಯವರ ಜೊತೆ ಜಗಳ ಬೇಡ, ಅವರು ಹೇಳಿದಷ್ಟು ಮಾಡುವವರು. ಫೋಟೊ ತೆಗೆದು ಅದೇ ದಿನ ಎಂಜಿನಿಯರ್‌ಗೆ ಕಳಿಸಿ. ಅವರು ಅಳತೆ ಪುಸ್ತಕದಲ್ಲಿ ಬರೆದು ಸಹಿ ಹಾಕಿದ ಮೇಲೆಯೇ ಗುತ್ತಿಗೆದಾರರ ಬಿಲ್ ಆಗುವುದು. ನಿಮ್ಮ ಮಾತಿಗೆ ಬೆಲೆ ಇರುವುದು ಆ ಸಹಿ ಬೀಳುವ ತನಕ.

ಕೆಲಸ ಮುಗಿದ ಮೇಲೂ ಗುತ್ತಿಗೆದಾರರು ಇಂತಿಷ್ಟು ಕಾಲ ದೋಷ ಸರಿಪಡಿಸಿಕೊಡಬೇಕು ಎಂಬ ಷರತ್ತು ಟೆಂಡರ್‌ನಲ್ಲಿ ಇರುತ್ತದೆ. ಅದು ಎಷ್ಟು ತಿಂಗಳು ಎಂದು ಕೇಳಿ, ಫೈಲಿನ ಮೇಲೆಯೇ ಕೊನೆಯ ದಿನಾಂಕ ಬರೆದಿಡಿ. ಮೊದಲ ದೊಡ್ಡ ಮಳೆ ಬಂದ ದಿನ ಕೊಡೆ ಹಿಡಿದು ಚರಂಡಿಯ ಉದ್ದಕ್ಕೂ ನಡೆದು ನೋಡಿ. ಎಲ್ಲಾದರೂ ನೀರು ನಿಂತಿದ್ದರೆ ಫೋಟೊ ಸಮೇತ ಅರ್ಜಿ ಬರೆದು, ಮತ್ತೆ ಟಪಾಲು ವಿಭಾಗದಲ್ಲಿ ಕೊಟ್ಟು, ಆವಕ ಸಂಖ್ಯೆ ಪಡೆದುಕೊಂಡು ಬನ್ನಿ.